ಕೆಮ್ಮಿನ ಅಸಲು ಪ್ರತಿ

ಸಾಮ್ರಾಜ್ಯಗಳು ಯಾಕೆ ಉರುಳಿದವು, ಯುದ್ಧಗಳು ಯಾರ ಮೂಗಿನ ತುದಿಯ ಕೋಪದಿಂದ ಹುಟ್ಟಿದವು ಎಂಬುದನ್ನೆಲ್ಲ ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿರುವ ಪಂಡಿತರು ಕೆಮ್ಮಿನ ವಿಷಯದಲ್ಲಿ ಮಾತ್ರ ಅಕ್ಷಮ್ಯವಾದ ಮೌನ ವಹಿಸಿದ್ದಾರೆ. ಬಂತು, ಹೋಯಿತು ಎಂದು ಬಿಟ್ಟುಬಿಡುವಷ್ಟು ಹಗುರವಾದ ಸಂಗತಿ ಅದಲ್ಲ. ಒಂದೇ ಒಂದು ಕೆಮ್ಮು, ಅದೂ ಗುರುತು ಪರಿಚಯವಿಲ್ಲದವನೊಬ್ಬನ ಗಂಟಲಿನಿಂದ ಹೊರಟದ್ದು, ಒಬ್ಬ ಮರ್ಯಾದಸ್ಥ ಸಂಸಾರಿಯನ್ನು ಬೆಳಗಿನಿಂದ ಸಂಜೆಯೊಳಗೆ ಎಲ್ಲಿಂದ ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಈಗಲೇ ಬರೆದಿಡದೆ ಹೋದರೆ ಮುಂದಿನ ಪೀಳಿಗೆ ನಮ್ಮನ್ನು ಕ್ಷಮಿಸುವುದಿಲ್ಲ.

ಆ ಸಂಸಾರಿಯನ್ನು ಅವನ ಕಟ್ಟಡದವರು ಸಪ್ಪಳಯ್ಯ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಎದುರಿಗೆ ‘ಸಪ್ಪಳದವರೇ’ ಎನ್ನುತ್ತಿದ್ದರು, ಅದು ಗೌರವ. ಅವನ ಕಸುಬು ಸಿನಿಮಾಕ್ಕೆ ಸದ್ದು ಮಾಡುವುದು. ತೆರೆಯ ಮೇಲೆ ನಾಯಕ ನಡೆದರೆ ಹೆಜ್ಜೆ ಇವನದು. ಖಳನಾಯಕನ ಬೆನ್ನಿಗೆ ಬಿದ್ದ ಏಟು ಎಂದರೆ ಇವನು ಒದ್ದೆ ಟವೆಲನ್ನು ಮೇಜಿಗೆ ಬಡಿದದ್ದು. ಹಕ್ಕಿ ಹಾರಿದರೆ ಅದು ಇವನ ಮುರುಕಲು ಕೊಡೆ. ಮೂಳೆ ಮುರಿಯುವುದಕ್ಕೆ ಮಾತ್ರ ಎಲೆಕೋಸೇ ಆಗಬೇಕು, ಅದೂ ಗಟ್ಟಿ ಗಡ್ಡೆ. ಹಾಗಾಗಿ ಹೊಡೆದಾಟದ ಸಿನಿಮಾ ಕೈಯಲ್ಲಿದ್ದ ವಾರವಿಡೀ ಮನೆಯಲ್ಲಿ ಹೊತ್ತು ಹೊತ್ತಿಗೂ ಎಲೆಕೋಸು. “ಈ ಸಲ ಎಷ್ಟು ಜನ ಸತ್ರು?” ಎಂದು ಹೆಂಡತಿ ಅವನ ಕೈಚೀಲ ನೋಡಿ ಕೇಳುತ್ತಿದ್ದಳು.

ಇಷ್ಟು ಸದ್ದು ಮಾಡಿದವನ ಹೆಸರು ಮಾತ್ರ ಒಮ್ಮೆಯೂ ಸದ್ದು ಮಾಡಿರಲಿಲ್ಲ. ಸಿನಿಮಾ ಮುಗಿದ ಮೇಲೆ ತೆರೆಯಲ್ಲಿ ಮೇಲಕ್ಕೆ ಹರಿಯುವ ಹೆಸರುಗಳ ಹೊಳೆಯಲ್ಲಿ ನಾಯಕಿಯ ಕೂದಲು ಬಾಚಿದವರು, ಊಟದ ಡಬ್ಬಿ ತಂದವರು, ಒಂದು ದೃಶ್ಯಕ್ಕೆಂದು ನಾಯಿ ಕೊಟ್ಟವರು, ಎಲ್ಲರೂ ತೇಲಿ ಹೋಗುತ್ತಿದ್ದರು. ಇವನು ‘ಮತ್ತು ಇತರರು’ ಎಂಬ ಕಡೆ ಮುಳುಗಿರುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಪ್ರತಿ ಸಿನಿಮಾಕ್ಕೂ ಬಂದು, ಕಸ ಗುಡಿಸುವವರು ಪೊರಕೆ ಹಿಡಿದು ಒಳಗೆ ಬರುವವರೆಗೂ ಕೂತು ಹುಡುಕುತ್ತಿದ್ದಳು. ಆಮೇಲೆ ಹುಡುಕುವುದನ್ನು ಬಿಟ್ಟಳು. ಆಮೇಲೆ ಬರುವುದನ್ನೇ ಬಿಟ್ಟಳು. ಇದನ್ನವಳು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಕಿವಿಯಿಂದಲೇ ಅನ್ನ ತಿನ್ನುವವನಿಗೆ ಹೇಳದೆ ಉಳಿದದ್ದೂ ಕೇಳಿಸುತ್ತದೆ.

ಈ ಸಲ ಹಾಗಲ್ಲ. ಈ ಸಲದ್ದು ಒಬ್ಬ ಗಡಿಯಾರ ರಿಪೇರಿಯವನ ಕತೆ. ಜಗಳವಾಡಿ ಹೋಗಿದ್ದ ತಮ್ಮ ಅರ್ಧ ಆಯುಷ್ಯ ಕಳೆದ ಮೇಲೆ ಬಂದು ಬಾಗಿಲು ತಟ್ಟುತ್ತಾನೆ. ಅಣ್ಣ ಒಳಕೋಣೆಯಿಂದ ಎದ್ದು, ಉದ್ದನೆಯ ಹಜಾರ ದಾಟಿ ಬಾಗಿಲಿನವರೆಗೆ ಬರುತ್ತಾನೆ. ಮಾತಿಲ್ಲ, ಸಂಗೀತವಿಲ್ಲ, ಮುಖವನ್ನೂ ತೋರಿಸುವುದಿಲ್ಲ. ಬರೀ ಚಪ್ಪಲಿಯ ಸದ್ದು. ಮೊದಲ ಹೆಜ್ಜೆಗಳಲ್ಲಿ ಸಿಟ್ಟು, ನಡುವೆ ಅನುಮಾನ, ಬಾಗಿಲು ಹತ್ತಿರವಾದ ಹಾಗೆ ವಯಸ್ಸು. ಕೊನೆಗೆ ಎತ್ತಿದ ಹೆಜ್ಜೆ ಕೆಳಗೆ ಬೀಳುವುದೇ ಇಲ್ಲ. ಅಲ್ಲಿ ಮೌನ. ಆ ಬೀಳದ ಹೆಜ್ಜೆಗಾಗಿ ಸಪ್ಪಳಯ್ಯ ಊರಿನ ಹಳೇ ಚಪ್ಪಲಿಗಳನ್ನೆಲ್ಲ ಮೆಟ್ಟಿ ನೋಡಿ, ಕಡೆಗೆ ಕಟ್ಟಡದ ಕಾವಲುಗಾರನ ಕಾಲಲ್ಲಿದ್ದ, ಪಟ್ಟಿ ಸಡಿಲವಾದ ಜೋಡನ್ನು ಹೊಸ ಜೋಡು ಕೊಟ್ಟು ಬಿಡಿಸಿಕೊಂಡು ಬಂದಿದ್ದ. ಕೇಳಿದ ನಿರ್ದೇಶಕ, ಇದು ಸದ್ದಲ್ಲ, ನಟನೆ ಎಂದಿದ್ದ. ಹಾಗೆಂದು ಸುಮ್ಮನಾಗದೆ ಅವನ ಹೆಸರನ್ನು ಒಂಟಿಯಾಗಿ, ಒಂದು ಇಡೀ ಸಾಲಿನಲ್ಲಿ ಹಾಕಿಸಿದ್ದ.

ಬಿಡುಗಡೆಯ ದಿನ ಬೆಳಿಗ್ಗೆ ಹೆಂಡತಿ ಪೆಟ್ಟಿಗೆಯ ಅಡಿಯಿಂದ ರೇಷ್ಮೆ ಸೀರೆ ತೆಗೆದು ಕುರ್ಚಿಯ ಮೇಲೆ ಹಾಕಿದಳು. ಏನೂ ಹೇಳಲಿಲ್ಲ. ಸಪ್ಪಳಯ್ಯನಿಗೆ ಅದೂ ಕೇಳಿಸಿತು.

ನಿರ್ಮಾಪಕರು ಉದಾರವಾಗಿ ಕೊಟ್ಟಿದ್ದ ಉಚಿತ ಪಾಸುಗಳ ಕಟ್ಟು ಜೇಬಿನಲ್ಲಿತ್ತು. ಚಿತ್ರಮಂದಿರ ತುಂಬುವ ನಂಬಿಕೆ ಅವರಿಗಿಲ್ಲದ್ದರಿಂದ ಬಂದ ಔದಾರ್ಯ ಅದು. ಕಟ್ಟಡದವರೆಲ್ಲರ ನಡುವೆ ಕೂತು ಹೆಂಡತಿ ಆ ಹೆಸರನ್ನು ನೋಡಬೇಕು ಎಂಬುದು ಅವನ ಆಸೆ. ಮೊದಲು ಸಂಘದ ಕಾರ್ಯದರ್ಶಿಯ ಬಾಗಿಲು ತಟ್ಟಿದ. ಕಾರ್ಯದರ್ಶಿ ನಿವೃತ್ತರು, ಬೋಳುತಲೆಯವರು. ಕಟ್ಟಡದಲ್ಲಿ ನಲ್ಲಿ ಸೋರಿದರೂ ಸಂಸಾರ ಸೋರಿದರೂ ಅವರಿಗೆ ಮೊದಲು ತಿಳಿಯಬೇಕು. ಪಾಸು ನೋಡಿ ಅವರು ಕನಿಕರದಿಂದ ನಕ್ಕರು.

“ನೋಡಿಯಾಯ್ತಲ್ಲ ಸಪ್ಪಳದವರೇ. ಹಲ್ಲುಜ್ಜೋ ಹೊತ್ತಿಗೆ ನಮ್ಮ ಗ್ರೂಪಿಗೆ ಬಂದಿತ್ತು.”

ಹಿಂದಿನ ದಿನ ಸಿನಿಮಾದವರಿಗೂ ನೆಂಟರಿಷ್ಟರಿಗೂ ಒಂದು ಮುಂಗಡ ಆಟವಾಗಿತ್ತು. ಯಾರೋ ಪುಣ್ಯಾತ್ಮ ಅಲ್ಲಿ ಕೂತು ಫೋನಿನಲ್ಲಿ ಇಡೀ ಸಿನಿಮಾ ಕದ್ದುಕೊಂಡಿದ್ದ. ಬೆಳಕು ಹರಿಯುವುದರೊಳಗೆ ಊರೆಲ್ಲ ಬಿತ್ತನೆಯಾಗಿತ್ತು. ಕಾರ್ಯದರ್ಶಿ ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸಿದ್ದರಂತೆ. ನಡೆಯುವ ಕಡೆ ಮಾತ್ರ ಸ್ವಲ್ಪ ನಿಧಾನ ಎನ್ನಿಸಿತಂತೆ. “ಆದರೆ ಕೆಮ್ಮು ಮಾತ್ರ ಭೇಷ್,” ಎಂದು ಅವನ ಭುಜ ತಟ್ಟಿದರು.

ಯಾವ ಕೆಮ್ಮು ಎಂದು ತಿಳಿಯದೆ ಸಪ್ಪಳಯ್ಯ ಕೆಳಗಿಳಿದ. ಕೆಳಮನೆಯಲ್ಲಿ ದರ್ಜಿ ಅಕ್ಕ ದಾರದ ಉಂಡೆಗೆ ಫೋನು ಒರಗಿಸಿಕೊಂಡು ಹೊಲಿಯುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

“ಅಣ್ಣಾ, ಬಾಗಿಲು ತೆಗೀಲೋ ಬೇಡವೋ ಅಂತ ನಿಂತು, ಗಂಟಲು ಕಟ್ಟಿ, ಒಂದೇ ಒಂದು ಸಲ ಕೆಮ್ತಾನಲ್ಲ, ಸೂಜೀನ ಬೆರಳಿಗೇ ಚುಚ್ಚಿಕೊಂಡೆ,” ಎಂದು ಬೆರಳು ತೋರಿಸಿದಳು. “ಕೆಮ್ಮಿದ್ರೆ ಚಿತ್ರಾನೂ ನಡುಗುತ್ತೆ. ಆ ಕೆಮ್ಮು ನಿಮ್ಮದೇ ತಾನೆ?”

ಅವಳು ಆ ಜಾಗವನ್ನು ತೋರಿಸಿದಳು. ಸಪ್ಪಳಯ್ಯ ಫೋನನ್ನು ಕಿವಿಗೆ ಹಿಡಿದ. ಅವನ ಹೆಜ್ಜೆಗಳು ಪಕ್ಕದ ಮನೆಯಲ್ಲಿ ಯಾರೋ ಸಾಸಿವೆ ಸಿಡಿಸಿದಂತೆ ಕೇಳಿಸುತ್ತಿದ್ದವು. ಸಿಟ್ಟು, ಅನುಮಾನ, ವಯಸ್ಸು ಎಲ್ಲ ಒಂದೇ ಒಗ್ಗರಣೆ. ಕೊನೆಯ ಹೆಜ್ಜೆ ಬೀಳಲಿಲ್ಲ. ಆ ಮೌನದ ನಟ್ಟನಡುವೆ, ಅಮೃತಶಿಲೆಯ ನೆಲಕ್ಕೆ ಹಿತ್ತಾಳೆ ಲೋಟ ಬಿದ್ದಷ್ಟು ಸ್ಪಷ್ಟವಾಗಿ, ಒಂದು ಕೆಮ್ಮು. ಜೊತೆಗೆ ಚಿತ್ರ ಗಡಗಡ ನಡುಗಿತು.

ಇದು ಸಿನಿಮಾದ್ದಲ್ಲ, ಕದ್ದು ತೆಗೆಯುತ್ತಿದ್ದ ಕಳ್ಳ ಕೆಮ್ಮಿದ್ದು, ಅವನು ಕೆಮ್ಮಿದ್ದಕ್ಕೆ ಕೈಯಲ್ಲಿದ್ದ ಫೋನು ಅಲುಗಿದೆ ಎಂದು ಸಪ್ಪಳಯ್ಯ ಬಿಡಿಸಿ ಹೇಳಿದ. ದರ್ಜಿ ಅಕ್ಕ ತಲೆದೂಗುತ್ತ ಕೇಳಿಸಿಕೊಂಡಳು.

“ಇಷ್ಟು ವಿನಯ ಒಳ್ಳೇದಲ್ಲ ಅಣ್ಣಾ,” ಎಂದಳು. “ಇದಕ್ಕೇ ನಿಮ್ಮನ್ನ ಎಲ್ಲರೂ ತುಳಿದಿರೋದು.”

ಕೊನೆಯಲ್ಲಿ ಹೆಸರು ಬಂತೇ ಎಂದು ಕೇಳಿದ. ಬಾಗಿಲು ತೆಗೆದ ಕೂಡಲೇ ಸಿನಿಮಾ ಮುಗಿಯಿತೆಂದೂ ಆಮೇಲೆ ಯಾವುದೋ ಜೂಜಿನ ಆಟದ ಜಾಹೀರಾತು ಬಂತೆಂದೂ ಅವಳು ಹೇಳಿದಳು.

ಸಪ್ಪಳಯ್ಯ ಮತ್ತೆ ಮೆಟ್ಟಿಲು ಹತ್ತಿದ. ಒಂದೊಂದು ಬಾಗಿಲಲ್ಲೂ ನಿಂತು, ಸಿನಿಮಾ ನೋಡಿದಿರಾ ಎಂದು ಕೇಳಿದ. ಎಲ್ಲರೂ ನೋಡಿದ್ದರು. ಎಲ್ಲರಿಗೂ ಕೆಮ್ಮು ಹಿಡಿಸಿತ್ತು. ಅದು ಇವನದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವನು ಅಲ್ಲ ಅಂದಷ್ಟೂ ಅವನ ವಿನಯದ ಕೀರ್ತಿ ಒಂದೊಂದು ಮಹಡಿ ಮೇಲೇರಿತು. ಕಡೆಗೆ ಅವನು ಕೈಮುಗಿದು, ಒಂದು ಸಲ ಚಿತ್ರಮಂದಿರಕ್ಕೆ ಬನ್ನಿ, ಅಲ್ಲಿ ಅಸಲು ಸದ್ದು ಕೇಳಿ ಎಂದು ಬೇಡಿಕೊಂಡ. ಒಂದು ಸಲ ನೋಡಿದ್ದನ್ನು ಮತ್ತೆ ನೋಡಲು ಜನ ಹಿಂದೆ ಮುಂದೆ ನೋಡಿದರು. ಚಿತ್ರಮಂದಿರ ಒಳಗೆ ಬಲು ತಂಪಾಗಿರುತ್ತದೆ ಎಂದು ಕಾರ್ಯದರ್ಶಿ ನೆನಪಿಸಿದ ಮೇಲೆ ಕಲಾಭಿಮಾನ ಜಾಗೃತವಾಗಿ ಎಲ್ಲರೂ ಹೊರಟರು.

ಮಧ್ಯಾಹ್ನದ ಆಟ. ಚಿತ್ರಮಂದಿರದ ವ್ಯವಸ್ಥಾಪಕ ಬಾಗಿಲಲ್ಲೇ ನಿಂತಿದ್ದ. ಇಷ್ಟು ಜನ ಒಟ್ಟಿಗೆ ಬಂದದ್ದನ್ನು ಕಂಡು ಮೊದಲು ಅವನು ಗಾಬರಿಯಾದ. ಏನೋ ಗಲಾಟೆ ಎಂದುಕೊಂಡನಂತೆ. ಸಿನಿಮಾ ನೋಡಲು ಬಂದವರೆಂದು ತಿಳಿದು ಎರಡೂ ಬಾಗಿಲು ತೆರೆದು ಹಿಡಿದ. ಒಂದು ಕಾಲದಲ್ಲಿ ಇದೇ ಬಾಗಿಲಲ್ಲಿ ನೂಕುನುಗ್ಗಲಿಗೆ ತನ್ನ ಅಂಗಿಯ ತೋಳು ಕಿತ್ತುಹೋಗುತ್ತಿತ್ತು, ಈಗ ಅಂಗಿಗಳೆಲ್ಲ ಕಾಲರಿನಲ್ಲೇ ಸವೆಯುತ್ತಿವೆ ಎಂದು ಸಪ್ಪಳಯ್ಯನ ಕಿವಿಯಲ್ಲಿ ಹೇಳಿದ. ಒಳಗೆ ಅಲ್ಲೊಬ್ಬರು ಇಲ್ಲೊಬ್ಬರು ಮುದುಕರ ಬಾಯಲ್ಲಿ ಉಳಿದ ಹಲ್ಲುಗಳಂತೆ ಕೂತಿದ್ದರು. ಅವರಲ್ಲೂ ಅರ್ಧ ಜನ ಫೋನಿನಲ್ಲಿ ನೋಡಿಯೇ ಬಂದವರು, ದೊಡ್ಡ ತೆರೆಯಲ್ಲಿ ಕೆಮ್ಮು ಹೇಗಿರುತ್ತದೋ ಎಂಬ ಆಸೆಗೆ.

ಹೆಂಡತಿ ರೇಷ್ಮೆ ಸೀರೆಯ ಸೆರಗನ್ನು ಮಡಿಲಲ್ಲಿ ಹಿಡಿದುಕೊಂಡು ನೆಟ್ಟಗೆ ಕೂತಿದ್ದಳು. ಗಡಿಯಾರದವನು ಒಳಕೋಣೆಯಿಂದ ಎದ್ದ. ಹೆಜ್ಜೆಗಳು ಶುರುವಾದವು. ಸಪ್ಪಳಯ್ಯ ಕಣ್ಣು ಮುಚ್ಚಿದ. ಅವನು ಸಿನಿಮಾ ನೋಡುವುದೇ ಹಾಗೆ. ನಾಲ್ಕೂ ಗೋಡೆಗಳಿಂದ ಆ ಸಡಿಲ ಚಪ್ಪಲಿ ನಡೆದು ಬಂತು. ಹೆಂಡತಿ ಉಸಿರು ಬಿಗಿಹಿಡಿದದ್ದು ಅವನಿಗೆ ಕೇಳಿಸಿತು. ಹೆಜ್ಜೆ ಎತ್ತಿತು. ಬೀಳಲಿಲ್ಲ. ಮೌನ.

“ಕೆಮ್ಮೆಲ್ಲಿ?” ಎಂದರು ಕಾರ್ಯದರ್ಶಿ.

ಕತ್ತರಿಸಿದ್ದಾರೆ ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಫೋನಿನಲ್ಲಿ ಪೂರ್ತಿ ಇತ್ತು, ಇಲ್ಲಿ ತುಂಡು ಸಿನಿಮಾ ತೋರಿಸುತ್ತಿದ್ದಾರೆ ಎಂದು ಇನ್ನೊಬ್ಬರು. ದರ್ಜಿ ಅಕ್ಕನಿಗೆ ಗಡಿಯಾರದವನ ಸಂಕಟ ನೋಡಲಾಗಲಿಲ್ಲ. ಅವನ ಪರವಾಗಿ ತಾನೇ ಒಂದು ಕೆಮ್ಮು ಕೆಮ್ಮಿದಳು. ಮುಂದಿನ ಸಾಲಿನವನೊಬ್ಬ, ಹಾಗಲ್ಲ ಎಂದು ಸರಿಯಾಗಿ ಕೆಮ್ಮಿ ತೋರಿಸಿದ. ಅದೂ ಸರಿಯಿಲ್ಲವೆಂದು ಮೂಲೆಯಿಂದ ಮತ್ತೊಂದು. ತೆರೆಯ ಮೇಲೆ ಅಣ್ಣ ಬಾಗಿಲು ತೆಗೆದು ತಮ್ಮನನ್ನು ತಬ್ಬಿಕೊಳ್ಳುವಷ್ಟರಲ್ಲಿ ಚಿತ್ರಮಂದಿರವಿಡೀ ಎದೆರೋಗದ ಆಸ್ಪತ್ರೆಯ ಹೊರಜಗುಲಿಯಾಗಿತ್ತು. ಮೋಸ ಎನ್ನುತ್ತ ಎಲ್ಲರೂ ಎದ್ದು ನಿಂತರು.

ಹೆಸರುಗಳು ಹರಿಯತೊಡಗಿದವು. ಹೆಂಡತಿ ತುದಿಗಾಲಲ್ಲಿ ನಿಂತಳು, ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು. ಅವಳು ಬಾಗಿದ ಕಡೆಗೆಲ್ಲ ಕಾರ್ಯದರ್ಶಿಯ ಬೋಳುತಲೆಯೂ ನಿಷ್ಠೆಯಿಂದ ಬಾಗಿತು. ನಾಯಿ ಕೊಟ್ಟವರ ಹೆಸರು ಆ ತಲೆಯ ಮೇಲೇ ಒಂದು ಕ್ಷಣ ಹೊಳೆದು ಹೋಯಿತು. ಅದರ ಮುಂದಿನದ್ದು ಸಪ್ಪಳಯ್ಯನದು. ಆಗ ಕಾರ್ಯದರ್ಶಿ ಟೋಪಿ ಹಾಕಿಕೊಂಡರು. ಅವರು ಸರಿದು ನಿಲ್ಲುವ ಹೊತ್ತಿಗೆ ತೆರೆ ಬೆಳ್ಳಗಾಗಿತ್ತು.

“ನಾಳೆ ಬರೋಣ ಕಣ್ರೀ,” ಎಂದಳು ಹೆಂಡತಿ, ಎಲ್ಲರೂ ಹೊರಗೆ ಹೋದ ಮೇಲೆ. “ನಾವಿಬ್ಬರೇ. ಹೆಸರು ಎಲ್ಲಿ ಓಡಿಹೋಗುತ್ತೆ?”

ಬಹಳ ವರ್ಷಗಳ ಮೇಲೆ ಅವಳು ತಾನಾಗಿ ಬರುತ್ತೇನೆಂದ ಮೊದಲ ಸಿನಿಮಾ ಅದು. ಸಪ್ಪಳಯ್ಯ ಹೂಂ ಎಂದ.

ಹೊರಗೆ ವ್ಯವಸ್ಥಾಪಕನ ಕೋಣೆಯಲ್ಲಿ ನಿರ್ಮಾಪಕರು ಕೂತಿದ್ದರು. ಒಳಗಿನ ಗದ್ದಲವನ್ನೆಲ್ಲ ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದರು. ದೊಡ್ಡ ಮನುಷ್ಯ, ಆದರೆ ಆ ದಿನ ಗಾಳಿ ಬಿಟ್ಟ ಹಾಸಿಗೆಯಂತೆ ಕುರ್ಚಿಯಲ್ಲಿ ಇಳಿದುಹೋಗಿದ್ದರು. ತಮ್ಮ ಸಿನಿಮಾ ತಮಗಿಂತ ಮುಂಚೆ ಊರು ಸುತ್ತಿ ಬಂದುಬಿಟ್ಟಿದೆ ಎಂದರು. ಲಕ್ಷಾಂತರ ಜನ ನೋಡಿರುವುದು ಕಳ್ಳನ ಪ್ರತಿ. ಹಾಗಾದಮೇಲೆ ಅದೇ ಅಸಲು; ನಮ್ಮದೇ ನಕಲು. ಜನ ಚಿತ್ರಮಂದಿರಕ್ಕೆ ಬಂದು, ಇದು ಅದರ ಹಾಗಿಲ್ಲ ಎಂದು ಬೈದು ಹೋಗುತ್ತಿದ್ದಾರೆ. ಹೀಗಿರುವಾಗ ಬುದ್ಧಿವಂತನಾದವನು ಏನು ಮಾಡಬೇಕು?

“ಕೆಮ್ಮು ಹಾಕು,” ಎಂದರು.

ಸಪ್ಪಳಯ್ಯ ಕಿವಿ ಉಜ್ಜಿಕೊಂಡ. ನಿರ್ಮಾಪಕರು ವಿವರಿಸಿದರು. ಕಳ್ಳಪ್ರತಿಯಿಂದಲೇ ಕೆಮ್ಮನ್ನು ಎತ್ತೋಣವೆಂದರೆ ಅದರ ಹಿಂದೆ ಫ್ಯಾನಿನ ಗರಗರ ಅಂಟಿಕೊಂಡಿದೆ. ಹೊಸದಾಗಿ, ಹಾಗೆಯೇ, ಒಂದು ಕೂದಲೂ ಕೊಂಕದಂತೆ ಮಾಡಬೇಕು. ಸಂಜೆಯೊಳಗೆ ಆದರೆ ನಾಳೆಯ ಆಟಕ್ಕೆ ಎಲ್ಲ ಊರಿನ ತೆರೆಗೂ ಹೊಸ ಪ್ರತಿ ಹೋಗುತ್ತದೆ. ಈಗ ಪೆಟ್ಟಿಗೆ ಹೊತ್ತು ಓಡಾಡುವ ಕಾಲವಲ್ಲ, ಗುಂಡಿ ಒತ್ತಿದರೆ ಮುಗಿಯಿತು.

“ಆ ಜಾಗದಲ್ಲಿ ಸದ್ದು ಇರಬಾರದು ಸಾರ್,” ಎಂದ ಸಪ್ಪಳಯ್ಯ. “ಅಲ್ಲಿ ಏನೂ ಇಲ್ಲದೆ ಇರಲಿ ಅಂತಲೇ ಅಷ್ಟು ಹೆಜ್ಜೆ ಹಾಕಿದ್ದು.”

“ಏನೂ ಇಲ್ಲದ್ದನ್ನ ನೋಡೋಕೆ ಯಾರಯ್ಯ ಬರ್ತಾರೆ? ಏನೂ ಇಲ್ಲದ್ದು ಅವರ ಮನೇಲೇ ಇದೆ.” ನಿರ್ಮಾಪಕರು ಕನ್ನಡಕ ತೆಗೆದು ಒರೆಸಿದರು. “ಹೊಸ ಪ್ರತೀಲಿ ಕೊನೆ ಹೆಸರುಗಳನ್ನೂ ಒಂದು ಸಲ ನೋಡಬೇಕು. ಯಾವುದು ಇರಬೇಕು, ಯಾವುದು ಬೇಡ ಅಂತ.”

ನಿರ್ದೇಶಕನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ. ಎಲ್ಲೋ ಕೂತು ತನ್ನ ಸಿನಿಮಾಕ್ಕೆ ಬಂದ ಮೆಚ್ಚುಗೆ ಓದುತ್ತಿದ್ದಿರಬೇಕು, ಅದೂ ಕೆಮ್ಮಿನದೇ. ಸಪ್ಪಳಯ್ಯನ ಕಣ್ಣ ಮುಂದೆ ತುದಿಗಾಲಲ್ಲಿ ನಿಂತ ಹೆಂಡತಿ ಬಂದಳು. ಅವಳನ್ನು ಮನೆಗೆ ಕಳಿಸಿ, ನಿರ್ಮಾಪಕರ ಕಾರು ಹತ್ತಿದ.

ಸ್ಟುಡಿಯೋದಲ್ಲಿ ಅವನ ಮರಳಿನ ತಟ್ಟೆ, ಜಲ್ಲಿಯ ತಟ್ಟೆ, ಹಳೇ ಬಾಗಿಲಿನ ಚಿಲಕಗಳು, ಕೊಡೆ ಎಲ್ಲ ಮೂಲೆಯಲ್ಲಿದ್ದವು. ಇವತ್ತು ಯಾವುದೂ ಬೇಕಿರಲಿಲ್ಲ. ಗಾಜಿನ ಆಚೆ ಧ್ವನಿಮುದ್ರಕ ಕೂತ. ಅವನ ಪಕ್ಕದಲ್ಲಿ ನಿರ್ಮಾಪಕರು. ಅವರ ಹಿಂದೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತೆಳ್ಳಗಿನ ವ್ಯಕ್ತಿಯೊಬ್ಬ ಬಿಸ್ಕತ್ತು ತಿನ್ನುತ್ತಿದ್ದ. ಸಿನಿಮಾ ಕದ್ದವರನ್ನು ಹಿಡಿಯಲು ನಿರ್ಮಾಪಕರು ಬೆಳಿಗ್ಗೆ ತಾನೇ ಗೊತ್ತುಮಾಡಿದ್ದ ನಕಲು ತಡೆಯುವವ ಅವನು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಖಗಳಿಂದ ಪುರಾವೆ ಸಿಗುವುದಿಲ್ಲವಂತೆ.

ಸಪ್ಪಳಯ್ಯ ಕೆಮ್ಮಿದ. ಇದು ನೆಗಡಿಯವನ ಕೆಮ್ಮು ಎಂದರು ನಿರ್ಮಾಪಕರು. ಮತ್ತೆ ಕೆಮ್ಮಿದ. ಇದು ಸಾಲಗಾರನನ್ನು ಕಂಡು ಬಾಗಿಲಲ್ಲಿ ಕೆಮ್ಮಿದ್ದು. ಇನ್ನೊಮ್ಮೆ. ಇದು ಸೊಸೆಗೆ ಕೇಳಲಿ ಎಂದು ಮಾವ ಕೆಮ್ಮಿದ್ದು. ಹೀಗೆ ಮನುಷ್ಯಜಾತಿಯ ಕೆಮ್ಮುಗಳೆಲ್ಲ ಒಂದೊಂದಾಗಿ ಬಂದು ತಿರಸ್ಕೃತವಾದವು. ಧ್ವನಿಮುದ್ರಕ ಬಿಸಿನೀರು ತರಿಸಿಕೊಟ್ಟ. ಸಪ್ಪಳಯ್ಯನ ಗಂಟಲು ಉಪ್ಪುಕಾಗದ ಉಜ್ಜಿದ ಹಾಗಾಗಿತ್ತು.

ಕಡೆಗೆ ಅವನು ಎಲ್ಲರನ್ನೂ ಸುಮ್ಮನಿರಲು ಹೇಳಿ, ಕಳ್ಳನ ಕೆಮ್ಮನ್ನು ಕಿವಿಗೆ ಹಾಕಿಕೊಂಡು ಕೂತ. ಹಾಡುಗಾರರು ಗುರುವಿನ ಒಂದು ಆಲಾಪವನ್ನು ಕೇಳುವ ಹಾಗೆ ಮತ್ತೆ ಮತ್ತೆ ಕೇಳಿದ. ನಿಧಾನವಾಗಿ ಆ ಕೆಮ್ಮು ಬಿಚ್ಚಿಕೊಂಡಿತು. ಇದು ಕೆಮ್ಮಲು ಬಯಸಿದವನ ಕೆಮ್ಮಲ್ಲ. ತಡೆದು, ನುಂಗಿ, ಆಗದೆ ಹೋದದ್ದು. ಮೊಣಕೈಗಳು ಪಕ್ಕೆಗೆ ಅಂಟಿವೆ. ಎದೆಯ ಹತ್ತಿರ ಏನನ್ನೋ ಬಟ್ಟೆಯೊಳಗೆ ಬಚ್ಚಿಟ್ಟು ಹಿಡಿದಿದ್ದಾನೆ. ಎಷ್ಟು ಹೊತ್ತಿನಿಂದ ಹಿಡಿದಿದ್ದಾನೋ ತೋಳು ಜೋಮು ಹಿಡಿದಿದೆ. ಭಯವಿದೆ. ಭಯದ ಅಡಿಯಲ್ಲಿ ಇನ್ನೇನೋ ಇದೆ. ಸಪ್ಪಳಯ್ಯ ಕಣ್ಣು ಮುಚ್ಚಿ ಅದನ್ನು ಹುಡುಕಿದ. ಕೆಮ್ಮಿಗೆ ಸ್ವಲ್ಪ ಮುಂಚೆ, ಹೆಜ್ಜೆಗಳು ನಡೆಯುತ್ತಿರುವಾಗ, ಆ ಮನುಷ್ಯನ ಉಸಿರು ನಿಂತಿತ್ತು. ಬಾಗಿಲು ತೆಗೆಯುತ್ತಾನೋ ಇಲ್ಲವೋ ಎಂದು ಕಳ್ಳನೂ ಕಾಯುತ್ತಿದ್ದ. ಇಡೀ ಊರಿನಲ್ಲಿ ಆ ಹೆಜ್ಜೆಗಳನ್ನು ನಿಜವಾಗಿ ಕೇಳಿಸಿಕೊಂಡವನು ಅವನೊಬ್ಬನೇ. ಅವನ ಗಂಟಲು ಕಟ್ಟಿದ್ದು ಧೂಳಿಗಲ್ಲ.

ಸಪ್ಪಳಯ್ಯ ಆಮೇಲೆ ಎದ್ದು ಫೋನನ್ನು ಅಂಗಿಯೊಳಗೆ ಇಟ್ಟುಕೊಂಡು, ಮೊಣಕೈ ಬಿಗಿಹಿಡಿದು, ಕುರ್ಚಿಯಲ್ಲಿ ಕುಗ್ಗಿ ಕೂತ. ಹೆಜ್ಜೆಗಳನ್ನು ಹಾಕಲು ಹೇಳಿದ. ಉಸಿರು ಹಿಡಿದ. ಕೊನೆಯ ಹೆಜ್ಜೆ ಎತ್ತಿತು, ಬೀಳಲಿಲ್ಲ. ಅವನು ಕೆಮ್ಮಲಿಲ್ಲ, ಕೆಮ್ಮು ತಾನಾಗಿ ಹೊರಟಿತು.

ಗಾಜಿನ ಆಚೆ ನಿರ್ಮಾಪಕರು ಕರವಸ್ತ್ರ ತೆಗೆದರು. ಇದು ತನ್ನ ಜೀವಮಾನದ ಅತ್ಯುತ್ತಮ ಕೆಲಸ ಎಂದು ಸಪ್ಪಳಯ್ಯನಿಗೆ ಗೊತ್ತಾಯಿತು. ಅದು ತನ್ನ ಕೆಲಸವನ್ನೇ ಹಾಳುಮಾಡುವ ಕೆಲಸ ಎಂಬುದೂ ಗೊತ್ತಿತ್ತು. ಎರಡೂ ಒಟ್ಟಿಗೇ ಗೊತ್ತಿರುವುದು ಒಳ್ಳೆಯ ಸ್ಥಿತಿಯಲ್ಲ.

ಆಗ ನಕಲು ತಡೆಯುವವನ ಲ್ಯಾಪ್‌ಟಾಪು ಟಿಂಗ್ ಎಂದಿತು.

ಅವನು ಬೆಳಗಿನಿಂದ ಕಳ್ಳಪ್ರತಿಯ ಕೆಮ್ಮನ್ನು ಯಂತ್ರಕ್ಕೆ ಉಣಿಸಿ, ಆ ಗಂಟಲು ಯಾರದೆಂದು ಹುಡುಕುತ್ತಿದ್ದ. ಕೆಮ್ಮಿದ ಕೂಡಲೇ ಚಿತ್ರ ನಡುಗಿದ್ದರಿಂದ ಕೆಮ್ಮಿದವನೇ ಕಳ್ಳ. ಇದು ಅವನ ಸಿದ್ಧಾಂತ, ಅದರಲ್ಲಿ ತಪ್ಪೂ ಇರಲಿಲ್ಲ. ಸ್ಟುಡಿಯೋದ ಸದ್ದೂ ಅದೇ ಯಂತ್ರಕ್ಕೆ ಹೋಗುತ್ತಿತ್ತು. ಇಷ್ಟು ಹೊತ್ತಿನ ಕೆಮ್ಮುಗಳನ್ನೆಲ್ಲ ಅಲ್ಲ, ಅಲ್ಲ ಎಂದು ತಳ್ಳಿದ್ದ ಯಂತ್ರ ಈಗ ಹಸಿರು ದೀಪ ಹತ್ತಿಸಿ ಕೂತಿತ್ತು.

“ಅದೇ ಗಂಟಲು,” ಎಂದ ಅವನು, ಮೊದಲ ಬಾರಿಗೆ ಒಂದು ಮುಖವನ್ನು ನೋಡುತ್ತ. “ಎಳ್ಳಷ್ಟೂ ಅನುಮಾನ ಇಲ್ಲ. ಕಳ್ಳ ಇಲ್ಲೇ ಇದ್ದಾನೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಪ್ಪಳಯ್ಯ ಗಂಟಲು ಮುಟ್ಟಿಕೊಂಡ. ತಾನು ಅದನ್ನು ಕೇಳಿ ಕೇಳಿ ಅನುಕರಿಸಿದ್ದು, ಅನುಕರಿಸುವುದೇ ತನ್ನ ಕಸುಬು ಎಂದು ತೊದಲಿದ. ಮನುಷ್ಯನ ಕಿವಿಯನ್ನು ಏಮಾರಿಸಬಹುದು, ಈ ಯಂತ್ರವನ್ನು ಯಾವ ಅನುಕರಣೆಯೂ ಏಮಾರಿಸಿಲ್ಲ ಎಂದ ನಕಲು ತಡೆಯುವವ. ಮುಂಗಡ ಆಟದ ದಿನ ನೀವೆಲ್ಲಿದ್ದಿರಿ ಎಂದು ಕೇಳಿದ.

“ಅಲ್ಲೇ ಇದ್ದೆ. ಹಿಂದಿನ ಸಾಲಲ್ಲಿ. ಕಣ್ಣು ಮುಚ್ಚಿಕೊಂಡು ಸಿನಿಮಾ ನೋಡ್ತಿದ್ದೆ. ತಡೆದು ನುಂಗಿದ ಕೆಮ್ಮು ಸಾರ್, ಅಷ್ಟು ದೂರಕ್ಕೆ ನನಗೆ ಕೇಳಿಸಲಿಲ್ಲ.”

ಧ್ವನಿಮುದ್ರಕ ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸಿಕೊಂಡ. ಇನ್ನೊಮ್ಮೆ ಕೆಮ್ಮಿ ತೋರಿಸು, ನೋಡೋಣ, ಎಂದರು ನಿರ್ಮಾಪಕರು. ಅವರ ದನಿಯಲ್ಲಿ ಇನ್ನೂ ಕರುಣೆಯಿತ್ತು. ತನ್ನ ಕಲೆಯನ್ನು ಸಾಬೀತು ಮಾಡುವ ಉತ್ಸಾಹದಲ್ಲಿ ಸಪ್ಪಳಯ್ಯ ಮೈಯೆಲ್ಲ ಕೂಡಿಸಿಕೊಂಡು, ಮೊದಲಿನದಕ್ಕಿಂತ ಚೆನ್ನಾಗಿ ಕೆಮ್ಮಿದ. ಹಸಿರು ದೀಪ ಮತ್ತೆ ಹತ್ತಿತು. ನೋಡಿದಿರಾ, ಅವರ ಸಹಜ ಕೆಮ್ಮೇ ಇದು ಎಂದ ನಕಲು ತಡೆಯುವವ. ಗಾಬರಿಯಾಗಿ ಸಪ್ಪಳಯ್ಯ ಈ ಸಲ ಕೆಟ್ಟದಾಗಿ ಕೆಮ್ಮಿದ. ದೀಪ ಕೆಂಪಾಯಿತು. ಈಗ ಬೇಕೆಂದೇ ಮರೆಮಾಚುತ್ತಿದ್ದಾರೆ ಎಂದ ಅವನು.

ಸಪ್ಪಳಯ್ಯನಿಗೆ ಒಂದೇ ದಾರಿ ಕಂಡಿತು. ನಮ್ಮ ಕಟ್ಟಡದ ಕಾರ್ಯದರ್ಶಿಯನ್ನು ಕೇಳಿ, ನಾನು ಎಂಥವನೆಂದು ಅವರು ಹೇಳುತ್ತಾರೆ ಎಂದ. ನಿರ್ಮಾಪಕರು ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ದೊಡ್ಡ ನಿರ್ಮಾಪಕರೇ ಮಾತಾಡಿಸಿದ್ದಕ್ಕೆ ಕಾರ್ಯದರ್ಶಿ ಉಬ್ಬಿಹೋದರು. ನೆರೆಯವನಿಗೆ ಉಪಕಾರ ಮಾಡುವ ಅವಕಾಶ ಅವರಿಗೆ ಸಿಕ್ಕಿದ್ದೂ ಬಹಳ ಅಪರೂಪ.

“ಬಂಗಾರದಂಥ ಮನುಷ್ಯ ಸಾರ್. ಬೆಳಿಗ್ಗೆ ಬಾಗಿಲು ಬಾಗಿಲಿಗೆ ಬಂದು, ಸಿನಿಮಾ ನೋಡಿದ್ರಾ, ನೋಡಿದ್ರಾ ಅಂತ ಕೇಳಿದ್ರು. ಅಷ್ಟು ಅಕ್ಕರೆ. ಮತ್ತೆ ಆ ಕೆಮ್ಮು ಅವರದೇ ಸಾರ್, ಇಡೀ ಕಟ್ಟಡಕ್ಕೇ ಗೊತ್ತು. ಅವರು ವಿನಯಕ್ಕೆ ಅಲ್ಲ ಅಲ್ಲ ಅಂತಾರೆ, ನೀವು ನಂಬಬೇಡಿ. ಬೇಕಾದ್ರೆ ಸಂಘದ ಪರವಾಗಿ ಬರೆದುಕೊಡ್ತೀನಿ.”

ಕೋಣೆಯಲ್ಲಿ ಮೌನ ಬಿತ್ತು. ಒಳ್ಳೆಯ ಮೌನ, ಯಾರೂ ಕೆಮ್ಮಲಿಲ್ಲ.

ನಿರ್ಮಾಪಕರು ಪೊಲೀಸರನ್ನು ಕರೆಸಲಿಲ್ಲ. ಮನೆಯವನೇ ಕದ್ದನೆಂದು ಪತ್ರಿಕೆಯಲ್ಲಿ ಬಂದರೆ ಚಿತ್ರಕ್ಕೆ ಕೆಟ್ಟ ಹೆಸರು; ಅಲ್ಲದೆ ಕೆಮ್ಮು ಪ್ರಕರಣದ ಸಾಕ್ಷಿಯಾಗಿ ಸಿಕ್ಕಿಹಾಕಿಕೊಂಡರೆ ನಾಳೆಯ ಆಟಕ್ಕೆ ಹಾಕುವಂತಿಲ್ಲ. ಅವರು ಎದ್ದು, ಸಪ್ಪಳಯ್ಯನ ಮುಖ ನೋಡದೆ, ಕೆಲಸ ಚೆನ್ನಾಗಿದೆ ಎಂದರು. ಇನ್ನು ಮುಂದೆ ಹೆಜ್ಜೆ, ಬಾಗಿಲು, ಏಟು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಸದ್ದುಗಳಿಂದಲೇ ಮಾಡಿಸುವುದಾಗಿ ಧ್ವನಿಮುದ್ರಕನಿಗೆ ಹೇಳಿದರು. ಆಮೇಲೆ ಕೊನೆಯ ಹೆಸರುಗಳನ್ನು ತೆರೆಯಲು ಹೇಳಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

ಸಪ್ಪಳಯ್ಯ ಮನೆಗೆ ಬಂದಾಗ ಹೆಂಡತಿ ರೇಷ್ಮೆ ಸೀರೆಯ ಸುಕ್ಕು ಬಿಡಿಸಿ ಮಡಿಸುತ್ತಿದ್ದಳು. ಪೆಟ್ಟಿಗೆಗೆ ಹಾಕಲಿಲ್ಲ, ಕುರ್ಚಿಯ ಮೇಲೇ ಇಟ್ಟಳು. ಅವನ ಒಡೆದ ದನಿ ಕೇಳಿ ಬಿಸಿನೀರು ತಂದುಕೊಟ್ಟಳು.

“ನಾಳೆ ಎಷ್ಟು ಹೊತ್ತಿಗೆ ಹೊರಡೋಣ?” ಎಂದು ಕೇಳಿದಳು.

ಅವನು ಲೋಟ ಮುಗಿಯುವವರೆಗೂ ನೀರು ಕುಡಿದ. ಗಂಟಲು ಸರಿಯಿಲ್ಲ, ಮಾತಾಡಲಾಗುವುದಿಲ್ಲ ಎಂದು ಕೈಸನ್ನೆ ಮಾಡಿದ. ಅವಳು ತಲೆಯಾಡಿಸಿ, ಮಧ್ಯಾಹ್ನದ ಆಟಕ್ಕೇ ಹೋಗೋಣ, ಮುಂದಿನ ಸಾಲಲ್ಲಿ ಕೂರೋಣ, ಯಾರ ತಲೆಯೂ ಅಡ್ಡ ಬರುವುದಿಲ್ಲ ಎಂದಳು.

ಮರುದಿನ ಅವರು ಮುಂದಿನ ಸಾಲಿನಲ್ಲಿ ಕೂತರು. ಯಾರ ತಲೆಯೂ ಅಡ್ಡ ಬರಲಿಲ್ಲ. ಕೆಮ್ಮು ಸರಿಯಾದ ಜಾಗದಲ್ಲಿ ಬಂತು. ಹೆಸರು ಬರಲಿಲ್ಲ.